ಅಲ್ಲ – ಇಲ್ಲ: ಒಂದಕ್ಷರದ ಅಂತರ



ನಿಮ್ಮ ಮಗುವಿನ ಕನ್ನಡ ನೋಟುಪುಸ್ತಕದಲ್ಲಿ ‘ಇದು ನಮ್ಮ ಮನೆ ಇಲ್ಲ’ ಎಂದು ಬರೆದಿರುವುದು ಕಂಡರೆ ಗದರಬೇಡಿ. ಮಗು ಹೇಳಹೊರಟದ್ದು ‘ನಮ್ಮ ಮನೆ ಅಲ್ಲ’ ಎಂದು. ಇದು ದಡ್ಡತನವಲ್ಲ, ನೆರೆಮಾತಿನ ಸಹವಾಸ. ಆಡುವ ತಮಿಳಿನಲ್ಲಿ ಎರಡಕ್ಕೂ ‘ಇಲ್ಲೆ’ ಒಂದೇ ಸಾಕು: ‘ಇದು ಎಂಗ ವೀಡು ಇಲ್ಲೆ’, ‘ವೀಟ್ಲ ಯಾರುಂ ಇಲ್ಲೆ’. ಬರಹದ ತಮಿಳಿನಲ್ಲಿ ‘ಅಲ್ಲ’ ಇಂದಿಗೂ ಉಂಟು. ಆದರೆ ಕೊಯಮತ್ತೂರಿನ ಬಸ್ಸಿನಲ್ಲಿ, ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಿವಿಗೆ ಬೀಳುವುದು ‘ಇಲ್ಲೆ’ಯೇ.

ಕನ್ನಡದಲ್ಲಿ ಲೆಕ್ಕ ಬೇರೆ. ‘ಇದೆ’ ಎಂಬುದಕ್ಕೆ ಎದುರು ‘ಇಲ್ಲ’. ‘ಹೌದು’ ಎಂಬುದಕ್ಕೆ ಎದುರು ‘ಅಲ್ಲ’. ಡಬ್ಬದಲ್ಲಿ ಸಕ್ಕರೆ ಇಲ್ಲ ಎಂದರೆ ಅಂಗಡಿಗೆ ಹೋಗಬೇಕು. ಡಬ್ಬದಲ್ಲಿರುವುದು ಸಕ್ಕರೆ ಅಲ್ಲ ಎಂದರೆ ಅದು ಉಪ್ಪಿರಬಹುದು; ಕಾಫಿಗೆ ಹಾಕುವ ಮೊದಲೇ ತಿಳಿದರೆ ಒಳ್ಳೆಯದು! ಬಂದಿಲ್ಲ, ಬರಲಿಲ್ಲ, ಬರುವುದಿಲ್ಲ ಎಂದು ಕ್ರಿಯಾಪದಕ್ಕೆ ಸೇರುವುದೂ ‘ಇಲ್ಲ’ವೇ.

ನಿಮ್ಮ ಬೀದಿಯ ತೆಲುಗು ಮನೆಗಳಲ್ಲಿ ‘ಕಾದು’, ‘ಲೇದು’ ಎಂಬ ಇಂಥದೇ ಜೋಡಿ ಇದೆ. ವಾಳಯಾರ್ ದಾಟಿದರೆ ಮಲಯಾಳದವರ ‘ಅಲ್ಲ’, ‘ಇಲ್ಲ’ ನಮ್ಮವೇ ಎನ್ನುವಷ್ಟು ಹತ್ತಿರ.

ರೂಪಗಳಲ್ಲೂ ಎಚ್ಚರ ಬೇಕು. ‘ಅಪ್ಪನಿಲ್ಲದೆ ಮಾವ ಬಂದರು’ ಎಂದರೆ ಅಪ್ಪ ಬರಲಿಲ್ಲ. ‘ಅಪ್ಪನಲ್ಲದೆ ಮಾವನೂ ಬಂದರು’ ಎಂದರೆ ಇಬ್ಬರಿಗೂ ಎಲೆ ಹಾಕಬೇಕು. ಸಂಧಿಯಾದ ಮೇಲಂತೂ ಮನೆಯಲ್ಲ, ಮನೆಯಿಲ್ಲ, ಮನೆಯಲ್ಲಿ – ಮೂರಕ್ಕೂ ಒಂದು ಗುಡಿಸಿನದೇ ವ್ಯತ್ಯಾಸ. ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ.

ಇದು ಮಕ್ಕಳ ಪಾಠಕ್ಕೆ ಮಾತ್ರ ಸೇರಿದ ಸಂಗತಿ ಎಂದುಕೊಳ್ಳಬೇಡಿ. ನೀವು ಬರೆಯುವ ಅರ್ಜಿಯ ತೂಕವೂ ಇದರ ಮೇಲೆ ನಿಂತಿದೆ. ‘ನಮ್ಮೂರಲ್ಲಿ ಕನ್ನಡ ಶಾಲೆ ಇಲ್ಲ’ ಎಂದರೆ ನೀವು ಕೇಳುತ್ತಿರುವುದು ಶಾಲೆಯನ್ನು. ‘ಇಲ್ಲಿರುವುದು ಕನ್ನಡ ಶಾಲೆ ಅಲ್ಲ’ ಎಂದರೆ ಕಟ್ಟಡ ಇದೆ, ಫಲಕವೂ ಇರಬಹುದು, ಕನ್ನಡದಲ್ಲಿ ಪಾಠ ನಡೆಯುತ್ತಿಲ್ಲ. ಆಗ ಕೇಳಬೇಕಾದದ್ದು ಶಿಕ್ಷಕರನ್ನು, ಪುಸ್ತಕಗಳನ್ನು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದು 1956ರಲ್ಲಿ. ಆ ವಿಧಿಯನ್ನು ಹೆಸರಿಸಿ ಬರೆಯುವಾಗ, ಸೌಲಭ್ಯವೇ ಇಲ್ಲವೋ ಅಥವಾ ಇರುವುದು ಸಾಕಷ್ಟು ಅಲ್ಲವೋ ಎಂದು ಬಿಡಿಸಿ ಹೇಳಿ. ಎರಡನ್ನೂ ಕಲಸಿದರೆ ‘ಶಾಲೆ ಇದೆಯಲ್ಲ’ ಎಂಬ ಒಂದು ಸಾಲಿನ ಉತ್ತರದಲ್ಲಿ ಕಡತ ಮುಚ್ಚುವುದು ಸುಲಭ. ಅರ್ಜಿ ತಮಿಳಿನಲ್ಲಿದ್ದರೂ ಬರಹದ ತಮಿಳಿನ ‘ಅಲ್ಲ’ವನ್ನೇ ಬಳಸಿ.

ಮನೆಯಲ್ಲಿ ತಿದ್ದಲು ವ್ಯಾಕರಣದ ಪುಸ್ತಕ ಬೇಡ. ಸಂಜೆ ಮಗು ಶಾಲೆಯಿಂದ ಬಂದಾಗ ಅಕ್ಕನ ಚೀಲ ತೋರಿಸಿ, ‘ಇದು ನಿನ್ನದಾ?’ ಎಂದು ಕೇಳಿ. ಆಮೇಲೆ, ‘ಇದರಲ್ಲಿ ಪೆನ್ಸಿಲ್ ಇದೆಯಾ?’ ಎನ್ನಿ. ಉತ್ತರ ತಪ್ಪಿದರೆ ಬೈಯದೆ, ಸರಿಯಾದ ಮಾತನ್ನು ನೀವೇ ಒಮ್ಮೆ ಆಡಿ, ಮತ್ತೆ ಕೇಳಿ. ಒಂದು ವಾರ ಹೀಗೆ ನಡೆಯಲಿ.