ಕಪ್ಪು ಎಲೆಗಳಲ್ಲಿ ಬೆಳಕು ಎಲ್ಲಿ ಬಿದ್ದಿದೆ?

ಈ ಮಾಲಿಕೆಗೆ ಒಂದೇ ಆತಂಕ ಮತ್ತೆ ಮತ್ತೆ ಬರುತ್ತಿದೆ. ಬೆಂಗಳೂರಿನ ತಣಿಸಂದ್ರ, ಹೆಗಡೆನಗರ, ನಾಗವಾರದ ಕಡೆಯ ತಂದೆತಾಯಿಯರದ್ದೇ ಹೆಚ್ಚು. ಮಗನೋ ಮಗಳೋ ಆನ್‌ಲೈನಿನಲ್ಲಿ ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳ ಕಟ್ಟೊಂದನ್ನು ತರಿಸಿಕೊಂಡಿದ್ದಾರೆ. ಪೆಟ್ಟಿಗೆ ಕಪ್ಪು, ಎಲೆಗಳೂ ಕಪ್ಪು. ತಲೆಬುರುಡೆ, ಅಸ್ಥಿಪಂಜರ, ಕಾಗೆ, ಸಮಾಧಿಕಲ್ಲು. ಇಂಥದ್ದು ಮನೆಯಲ್ಲಿದ್ದರೆ ಅಪಶಕುನವಲ್ಲವೇ, ಲಕ್ಷ್ಮಿ ನಿಲ್ಲುತ್ತಾಳೆಯೇ ಎಂಬುದು ಪ್ರಶ್ನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವು ಚಿತ್ರಗಳು. ಚಿತ್ರವನ್ನು ಓದುವ ಹಾಗೆ ಅವನ್ನು ಓದಲು ಕಲಿತರೆ ಭಯ ತಾನಾಗಿ ಇಳಿಯುತ್ತದೆ, ಆ ಎಲೆಗಳಲ್ಲಿ ಎಷ್ಟು ಕಲೆಗಾರಿಕೆ ಇದೆ ಎಂಬುದೂ ಕಾಣುತ್ತದೆ.

ಲಕ್ಷ್ಮಿಯ ಮಾತು ಬಂದದ್ದರಿಂದ ಅಲ್ಲಿಂದಲೇ ಹೊರಡೋಣ. ಹಾಸನದಿಂದ ಬೇಲೂರಿನ ದಾರಿಯಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ದೊಡ್ಡಗದ್ದವಳ್ಳಿ. ಅಲ್ಲಿಯ ಲಕ್ಷ್ಮೀದೇವಿ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ, 12ನೇ ಶತಮಾನದ ಆರಂಭದಲ್ಲಿ, ಕಟ್ಟಿಸಿದವರು ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ನಾಲ್ಕು ಗರ್ಭಗುಡಿಗಳ ಆ ದೇವಾಲಯದಲ್ಲಿ ಲಕ್ಷ್ಮಿಗೆ ಒಂದು ಗುಡಿ, ಕಾಳಿಗೆ ಇನ್ನೊಂದು. ಕಾಳಿಯ ಗುಡಿಗೆ ಕಾವಲಾಗಿ ಎರಡು ಬೇತಾಳಗಳು ನಿಂತಿವೆ. ಮೈಯಲ್ಲಿ ಮಾಂಸವಿಲ್ಲ, ಪಕ್ಕೆಲುಬು ಒಂದೊಂದಾಗಿ ಎಣಿಸಬಹುದು, ಮುಖ ಬುರುಡೆಯ ಹಾಗಿದೆ. ಹಣದ ಬೆಲೆ ಬಲ್ಲ ವ್ಯಾಪಾರಿ ದಂಪತಿ ಲಕ್ಷ್ಮಿಯ ಹೆಸರಿನ ಗುಡಿಯಲ್ಲೇ ಅಸ್ಥಿಪಂಜರಗಳನ್ನು ನಿಲ್ಲಿಸಿದರು. ಅಷ್ಟು ದೂರ ಹೋಗುವುದೂ ಬೇಡ. ತಣಿಸಂದ್ರದ ಮುಖ್ಯರಸ್ತೆಯ ಆಸುಪಾಸಿನಲ್ಲಿ ಹೊಸ ಕಟ್ಟಡ ಏಳುತ್ತಿರುವ ಕಡೆ ಕಣ್ಣು ಹಾಯಿಸಿ. ಕೋರೆಹಲ್ಲು, ಚಾಚಿದ ನಾಲಗೆ, ಉರಿಗಣ್ಣಿನ ದೃಷ್ಟಿಗೊಂಬೆ ತೂಗುತ್ತಿರುತ್ತದೆ. ಅದನ್ನು ತೂಗುಹಾಕಿದ್ದು ಕೆಟ್ಟದ್ದನ್ನು ಕರೆಯಲಿಕ್ಕಲ್ಲ, ತಡೆಯಲಿಕ್ಕೆ ಎಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಭಯಂಕರ ಮುಖವನ್ನು ಬಾಗಿಲಲ್ಲಿ ಇಟ್ಟುಕೊಂಡೇ ಬದುಕಿದ ಜನ ನಾವು. ಅಂಥವರು ಒಂದು ಕಾಗದದ ಎಲೆಯ ಮುಂದೆ ತತ್ತರಿಸುವುದು ನನಗೆ ಸರಿಕಾಣುವುದಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಕಾಳಿ ದೇವರು, ಪ್ರತಿಷ್ಠೆಯಾದ ಮೂರ್ತಿ. ಇದು ಎಲ್ಲಿಂದಲೋ ಬಂದ ಸರಕು, ಎರಡನ್ನೂ ಹೇಗೆ ಸರಿದೂಗಿಸುತ್ತೀರಿ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಅದು ನನ್ನ ಮಾತನ್ನೇ ಬಲಪಡಿಸುತ್ತದೆ. ಪ್ರತಿಷ್ಠೆಯಾಗದ ಕಡೆ ಶಕ್ತಿ ನೆಲೆಸುವುದಿಲ್ಲ ಎಂಬುದು ನಿಮ್ಮದೇ ನಂಬಿಕೆಯಾದರೆ, ಮುದ್ರಣ ಯಂತ್ರದಿಂದ ಸಾವಿರಗಟ್ಟಲೆ ಹೊರಬಿದ್ದ ರಟ್ಟಿನ ಎಲೆಯಲ್ಲಿ ದುಷ್ಟಶಕ್ತಿ ನೆಲೆಸುವುದಾದರೂ ಹೇಗೆ? ಒಳ್ಳೆಯದಕ್ಕೆ ಒಂದು ನಿಯಮ, ಕೆಟ್ಟದ್ದಕ್ಕೆ ಇನ್ನೊಂದು ಎಂದಾಗುವುದಿಲ್ಲ.

ಇನ್ನು ಮುಖ್ಯ ವಿಷಯ. ಕಪ್ಪು ಚಿತ್ರವನ್ನು ನೋಡುವಾಗ ಮೊದಲು ಬೆಳಕು ಎಲ್ಲಿದೆ ಎಂದು ಹುಡುಕಿ. ಬಿಳಿ ಹಾಳೆಯ ಮೇಲೆ ಬರೆಯುವ ಚಿತ್ರಕಾರನಿಗೆ ಬೆಳಕು ಪುಕ್ಕಟೆ ಸಿಗುತ್ತದೆ. ಕಪ್ಪು ನೆಲದ ಮೇಲೆ ಬರೆಯುವವನು ಪ್ರತಿಯೊಂದು ಬೆಳಕಿನ ಗೆರೆಯನ್ನೂ ಬೇಕೆಂದೇ ಇಡಬೇಕು. ಬಡವನ ಕೈಯ ಎಣ್ಣೆಯ ಹಾಗೆ ಅದನ್ನು ಎಣಿಸಿ ಖರ್ಚು ಮಾಡುತ್ತಾನೆ. ಹಾಗಾಗಿ ಅವನು ಅದನ್ನು ಎಲ್ಲಿ ಖರ್ಚು ಮಾಡಿದನೋ ಅಲ್ಲೇ ಅವನ ಮಾತಿದೆ. 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿದ ಕಟ್ಟನ್ನೇ ತೆಗೆದುಕೊಳ್ಳಿ. ಇಂದಿನ ಎಷ್ಟೋ ಕಪ್ಪು ಕಟ್ಟುಗಳ ಬೇರು ಅದರಲ್ಲಿದೆ. ಅದರ 'ಸಾವು' ಎಲೆಯಲ್ಲಿ ಕಪ್ಪು ಕವಚ ತೊಟ್ಟ ಅಸ್ಥಿಪಂಜರ ಕುದುರೆಯ ಮೇಲೆ ಬರುತ್ತಿದೆ. ಕುದುರೆ ಬಿಳಿ. ಕಪ್ಪು ಬಾವುಟದ ಮೇಲೆ ಬಿಳಿ ಗುಲಾಬಿ. ಕಾಲಡಿಯಲ್ಲಿ ರಾಜ ಬಿದ್ದಿದ್ದಾನೆ, ಧರ್ಮಗುರು ಕೈಜೋಡಿಸಿ ನಿಂತಿದ್ದಾನೆ, ಯುವತಿ ಮುಖ ತಿರುಗಿಸಿಕೊಂಡಿದ್ದಾಳೆ, ಮಗು ನೇರವಾಗಿ ನೋಡುತ್ತಿದೆ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ. ಬುರುಡೆಯನ್ನಷ್ಟೇ ನೋಡಿದವರು ಹೆದರಿ ಎಲೆ ಮಗುಚಿಡುತ್ತಾರೆ. ಗುಲಾಬಿಯನ್ನೂ ಮಗುವನ್ನೂ ಸೂರ್ಯನನ್ನೂ ನೋಡಿದವರಿಗೆ ಚಿತ್ರ ಬೇರೆಯೇ ಮಾತು ಹೇಳುತ್ತದೆ.

ಇದನ್ನು ಇನ್ನೊಮ್ಮೆ, ಇನ್ನೂ ಸರಳವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ. ಬುರುಡೆಗೆ ತಾನಾಗಿ ಅರ್ಥವಿಲ್ಲ. ಅದರ ಪಕ್ಕದಲ್ಲಿ ಏನಿದೆ, ಅದರ ಮೇಲೆ ಬೆಳಕು ಎಲ್ಲಿಂದ ಬೀಳುತ್ತಿದೆ ಎಂಬುದರಲ್ಲಿ ಅರ್ಥವಿದೆ. ಹತ್ತು ಖಡ್ಗಗಳ ಎಲೆಯಲ್ಲಿ ಮನುಷ್ಯ ಬೋರಲು ಬಿದ್ದಿದ್ದಾನೆ, ಬೆನ್ನಿನಲ್ಲಿ ಹತ್ತು ಖಡ್ಗ, ಮೇಲೆ ಕಪ್ಪು ಆಕಾಶ. ಬೆಳಕು ಎಲ್ಲಿದೆ? ದಿಗಂತದಲ್ಲಿ ಹಳದಿ ಪಟ್ಟಿಯಾಗಿ. 'ಪಿಶಾಚಿ'ಯ ಎಲೆಯಲ್ಲಿ ಗಂಡು ಹೆಣ್ಣು ಇಬ್ಬರ ಕುತ್ತಿಗೆಗೂ ಸರಪಳಿ ಇದೆ. ಬೆಳಕು ಎಲ್ಲಿದೆ? ಪಿಶಾಚಿ ತಲೆಕೆಳಗಾಗಿ ಹಿಡಿದ ಪಂಜಿನಲ್ಲಿ. ಅದೇ ನೋಟವನ್ನು ಸರಪಳಿಯ ಕಡೆ ಇಳಿಸಿದರೆ, ಆ ಕುಣಿಕೆ ಎಷ್ಟು ಸಡಿಲವೆಂದರೆ ಅವರೇ ಕೈಯೆತ್ತಿ ತೆಗೆದುಹಾಕಬಹುದು ಎಂಬುದು ಕಾಣುತ್ತದೆ. ಒಂಬತ್ತು ಖಡ್ಗಗಳ ಎಲೆಯಲ್ಲಿ ನಿದ್ದೆ ಬಾರದೆ ಹಾಸಿಗೆಯಲ್ಲಿ ಎದ್ದು ಕುಳಿತ ಹೆಂಗಸು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾಳೆ. ಅಲ್ಲಿ ಸೂರ್ಯನಿಲ್ಲ, ದೀಪವಿಲ್ಲ. ಬಣ್ಣವೆಲ್ಲ ಅವಳು ಹೊದ್ದ ಕೌದಿಯ ಗುಲಾಬಿಗಳಲ್ಲಿದೆ. ರಾತ್ರಿಯ ಚಿಂತೆಯನ್ನು ಇಷ್ಟು ನಿಜವಾಗಿ ಬರೆದ ಚಿತ್ರಗಳು ಹೆಚ್ಚಿಲ್ಲ. ನಮ್ಮ ದಕ್ಷಿಣಕಾಳಿಯ ರೂಪವನ್ನೂ ಹೀಗೆಯೇ ಓದಬೇಕು. ಎಡಗೈಗಳಲ್ಲಿ ಖಡ್ಗ ಮತ್ತು ಕಡಿದ ತಲೆ, ಬಲಗೈಗಳಲ್ಲಿ ಅಭಯ ಮತ್ತು ವರದ. ಎಡಗಡೆಯನ್ನು ಮಾತ್ರ ನೋಡಿ ಕಾಳಿಯನ್ನು ಕಂಡೆ ಎಂದರೆ ಯಾರು ಒಪ್ಪುತ್ತಾರೆ?

ಎಲೆಗಳ ಮೇಲೆ ಇಂಥ ಚಿತ್ರ ಬರೆಯುವುದು ಹೊರಗಿನವರ ಚಟ ಎನ್ನುವವರಿಗೂ ಉತ್ತರವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಹಲವು ಆಟಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ಚಾಮುಂಡೇಶ್ವರಿ ಛದ ಎಂಬ ಕಟ್ಟಿನಲ್ಲಿ 320 ಎಲೆಗಳು. ಟ್ಯಾರೋದಲ್ಲಿ ಇರುವುದು 78. ದಶಾವತಾರದ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹತ್ತು ಗುಂಪು, ಒಟ್ಟು 120 ಎಲೆ. ಉಗ್ರ ನರಸಿಂಹನೂ ಕೊಡಲಿ ಹಿಡಿದ ಪರಶುರಾಮನೂ ಅಲ್ಲಿ ಆಟದ ಎಲೆಗಳೇ. ಪ್ರತಿ ಗುಂಪಿಗೂ ಬೇರೆ ನೆಲಬಣ್ಣ. ಆಡುವವರು ಗುಂಪನ್ನು ಗುರುತಿಸಲು ಅದೂ ನೆರವಾಗುತ್ತಿತ್ತು. ನಿಂತೇಹೋಗುತ್ತಿದ್ದ ಈ ಕಲೆಗೆ ನಮ್ಮ ಕಾಲದಲ್ಲಿ ಮತ್ತೆ ಜೀವ ಕೊಟ್ಟವರು ಗಂಜೀಫಾ ರಘುಪತಿ ಭಟ್ಟರು. ಅಂಗೈಯಗಲದ ಎಲೆಯಲ್ಲಿ ದೇವತೆ, ಆಯುಧ, ವಾಹನ ಎಲ್ಲವನ್ನೂ ಕೂರಿಸುವ ಕಷ್ಟವನ್ನು ಅರಿತವರು ಪಮೇಲಾ ಸ್ಮಿತ್‌ಳ ಕೈಚಳಕವನ್ನೂ ಗೌರವಿಸುತ್ತಾರೆ. ಇತ್ತೀಚಿನ ಪ್ಯಾಟ್ರಿಕ್ ವಲೆಂಝಾ ಎಂಬ ಅಮೆರಿಕದ ಕಲಾವಿದ ಹಳೆಯ ಸಮಾಧಿಕಲ್ಲುಗಳ ಫೋಟೊ ತೆಗೆದು, ಆ ಕಲ್ಲಿನ ಮೈಯನ್ನೇ ತನ್ನ ಟ್ಯಾರೋ ಕಟ್ಟಿನ ಪಾತ್ರಗಳ ಉಡುಪಾಗಿಸಿದ ಜಾಣ್ಮೆಯೂ ಅವರಿಗೆ ತಿಳಿಯುತ್ತದೆ.

ಭವಿಷ್ಯದ ಮಾತಿಗೆ ಹೆಚ್ಚು ಸಮಯ ಕೊಡಲಾರೆ. ಟ್ಯಾರೋ 15ನೇ ಶತಮಾನದ ಉತ್ತರ ಇಟಲಿಯಲ್ಲಿ ಹುಟ್ಟಿದ್ದು ಇಸ್ಪೀಟಿನ ಹಾಗೆ ಆಡುವ ಆಟವಾಗಿ. ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಎಂದು 1781ರಲ್ಲಿ ಪ್ರಚಾರ ಮಾಡಿದವನು ಕೂರ್ ದ ಜೆಬೆಲಿನ್ ಎಂಬ ಫ್ರಾನ್ಸಿನ ಲೇಖಕ. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಜಗತ್ತಿನಲ್ಲಿ ಒಬ್ಬರೂ ಇರಲಿಲ್ಲ. ಶಾಂಪೋಲಿಯೋನ್ ಎಂಬ ವಿದ್ವಾಂಸ ಅದನ್ನು ಬಿಡಿಸಿದ್ದು 1822ರಲ್ಲಿ. ಕಲೆಸಿದ ಕಟ್ಟಿನಿಂದ ಯಾವ ಎಲೆ ಮೇಲೆ ಬರುತ್ತದೆ ಎಂಬುದು ಬರೀ ಆಕಸ್ಮಿಕ. 'ಸಾವು' ಎಲೆ ಬಂದರೆ ಯಾರೂ ಸಾಯುವುದಿಲ್ಲ. ಕಟ್ಟನ್ನು ತಾವೇ ಕೊಳ್ಳಬಾರದು, ಯಾರಾದರೂ ಉಡುಗೊರೆಯಾಗಿ ಕೊಡಬೇಕು ಎಂಬ ಮಾತಿಗೂ ಆಧಾರವಿಲ್ಲ.

ಕಪ್ಪು ಚಿತ್ರಗಳನ್ನು ಇಷ್ಟಪಡುವ ಮಗುವಿನ ಮನಸ್ಸೇ ಕಪ್ಪಾಗಿದೆಯೇ ಎಂಬ ತಾಯಂದಿರ ಭಯ ಮಾತ್ರ ತಳ್ಳಿಹಾಕುವಂಥದ್ದಲ್ಲ. ಇಂಥ ಚಿತ್ರ ಹಿಡಿಸುವುದು ಕಾಯಿಲೆಯಲ್ಲ. ಆದರೆ ನಿದ್ದೆ, ಊಟ, ಓದು, ಗೆಳೆಯರ ಒಡನಾಟ ಕೆಡುತ್ತಿದ್ದರೆ ಎಲೆಗಳನ್ನು ಕಸಿದು ಎಸೆಯುವುದರಿಂದ ಏನೂ ಆಗದು. ಮಗುವಿನ ಜೊತೆ ಮಾತಾಡಿ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡುತ್ತಾರೆ. ಉಳಿದಂತೆ, ಪಕ್ಕದಲ್ಲಿ ಕುಳಿತು ಒಂದು ಎಲೆ ತೋರಿಸು ಎಂದು ಕೇಳಿ, ಇದರಲ್ಲಿ ಬೆಳಕು ಎಲ್ಲಿದೆ ಹೇಳು ಎಂದು ಕೇಳಿ. ಕೊನೆಯದಾಗಿ ಒಂದು ಎಚ್ಚರಿಕೆ. 'ಸಾವು' ಎಲೆಯನ್ನು ಮುಂದಿಟ್ಟು, ಮನೆಗೆ ಗಂಡಾಂತರವಿದೆ, ಪರಿಹಾರಕ್ಕೆ ಇಷ್ಟು ಖರ್ಚಾಗುತ್ತದೆ ಎನ್ನುವವರು ಫೋನಿನಲ್ಲಿ ಬಂದರೂ ಮನೆಬಾಗಿಲಿಗೆ ಬಂದರೂ ಅವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.