ಪಿಎಚ್ ಪೆನ್ ಹೇಳೋದನ್ನ ನಂಬೋದು ಹೇಗೆ?

ಇವತ್ತು ಮಾತಾಡ್ತಿರೋದು ಒಂದು ಪುಟ್ಟ ಸಾಧನದ ಬಗ್ಗೆ. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಗೆ ಸಿಗೋ ಹಳದಿ ಬಣ್ಣದ ಪಿಎಚ್ ಪೆನ್. ಮೈಸೂರಿನ ಒಳಗಡೆ ಕಾವೇರಿ, ಕಬಿನಿ ನೀರು ಬರುತ್ತೆ. ಆದರೆ ಹೊರವಲಯದ ಎಷ್ಟೋ ಬಡಾವಣೆಗಳಿಗೆ ಇವತ್ತಿಗೂ ಬೋರ್‌ವೆಲ್ ಮತ್ತು ಟ್ಯಾಂಕರ್ರೇ ಗತಿ. ಟ್ಯಾಂಕರ್ ಬಂತು ಅಂದ್ರೆ ಯಾರೋ ಒಬ್ಬರು ಪೆನ್ ಅದ್ದಿ, ವಾಟ್ಸ್ಆ್ಯಪ್ ಗ್ರೂಪಿಗೆ ಫೋಟೊ ಹಾಕ್ತಾರೆ: 7.42. ಕೆಳಗೆ ಸಾಲು ಸಾಲು ಥಂಬ್ಸ್ ಅಪ್. ಮುಗೀತು, ನೀರು ಪಾಸ್!

ನನ್ನ ಪ್ರಶ್ನೆ ಇಷ್ಟೇ. ನೀರು ಪಾಸ್ ಆಯ್ತು ಸರಿ, ಆ ಪೆನ್ನಿಗೆ ಪರೀಕ್ಷೆ ಮಾಡಿದವರು ಯಾರು?

ನಾನು ಓದಿದ್ದು ಬಿಕಾಂ. ನಮಗೆ ಮೊದಲು ಕಲಿಸೋ ಪಾಠ, ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದಿದೆ ಅಂದ ಮಾತ್ರಕ್ಕೆ ಬ್ಯಾಂಕಲ್ಲಿ ಅಷ್ಟು ದುಡ್ಡು ಇರಲೇಬೇಕು ಅಂತಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ಹಾಕಬೇಕು. ಪೆನ್ ತೋರಿಸೋ ಅಂಕಿಯೂ ಹಾಗೇ. ಸ್ಕ್ರೀನ್ ಮೇಲೆ ಎರಡು ದಶಮಾಂಶ ಬಂದರೆ ಅದು ಸೂಕ್ಷ್ಮವಾಗಿ ತೋರಿಸುತ್ತೆ ಅಂತ ಮಾತ್ರ ಅರ್ಥ, ಸರಿಯಾಗಿ ತೋರಿಸುತ್ತೆ ಅಂತ ಅರ್ಥ ಅಲ್ಲ. ಸೆಕೆಂಡ್ ಮುಳ್ಳು ಚೆನ್ನಾಗಿ ಓಡ್ತಿರೋ ಗಡಿಯಾರವೂ ಹತ್ತು ನಿಮಿಷ ಹಿಂದೆ ಇರಬಹುದಲ್ವಾ?

ಸ್ವಲ್ಪ ಆಚೀಚೆ ಆದ್ರೆ ಏನು ಮಹಾ ಅಂತೀರಾ? ಪಿಎಚ್‌ನಲ್ಲಿ ಒಂದು ಅಂಕಿ ಅಂದ್ರೆ ಹತ್ತು ಪಟ್ಟು ವ್ಯತ್ಯಾಸ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸನ್ ಈ ಅಳತೆ ಶುರು ಮಾಡಿದಾಗಿನಿಂದ ಲೆಕ್ಕ ಇರೋದೇ ಹಾಗೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500 ಹೇಳೋದು 6.5ರಿಂದ 8.5. ಈಗ ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕ್ತೀರಿ ಅಂದ್ಕೊಳ್ಳಿ. ನೀರಿನ ಪಿಎಚ್ 7 ಇದ್ದರೆ, ಕ್ಲೋರಿನ್‌ನ ಸುಮಾರು ಮುಕ್ಕಾಲು ಪಾಲು ರೋಗಾಣುಗಳನ್ನು ಬೇಗ ಕೊಲ್ಲೋ ರೂಪದಲ್ಲಿರುತ್ತೆ. ಪಿಎಚ್ 8 ಆದರೆ ಅದು ಸುಮಾರು ಕಾಲು ಪಾಲಿಗೆ ಇಳಿಯುತ್ತೆ. ಎರಡೂ ‘ಪಾಸ್’ ಆದ ನೀರೇ! ಪೆನ್ 7 ಅಂತ ಹೇಳಿ, ನಿಜಕ್ಕೂ 8 ಇದ್ದರೆ, ನೀವು ಹಾಕಿದ ಪೌಡರ್ ನೀವು ಅಂದ್ಕೊಂಡಷ್ಟು ಕೆಲಸ ಮಾಡ್ತಿರಲ್ಲ.

ಸರಿ, ತಾಳೆ ಹಾಕೋದು ಹೇಗೆ? ಪೆನ್ ಜೊತೆ ಸಾಮಾನ್ಯವಾಗಿ ಪುಟ್ಟ ಪುಡಿ ಪೊಟ್ಟಣ ಬರುತ್ತೆ. ಅದಕ್ಕೆ ಬಫರ್ ಅಂತಾರೆ. 4.01, 6.86, 9.18 ಅಂತ ಬರೆದಿರುತ್ತೆ. ಇದೇ ನಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್. ಪೊಟ್ಟಣದ ಮೇಲೆ ಹೇಳಿದಷ್ಟು ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ. ನಲ್ಲಿ ನೀರು ಬೇಡ. ಬೇರೆ ಬೇರೆ ಲೋಟ ಇರಲಿ.

ಇಲ್ಲಿ ಒಂದು ಮುಖ್ಯ ವಿಷಯ. ಮೊದಲೇ ಕ್ಯಾಲಿಬ್ರೇಷನ್ ಬಟನ್ ಒತ್ತಬೇಡಿ. ಪೆನ್ ಹೇಗಿದೆಯೋ ಹಾಗೇ ಅದ್ದಿ, ಅಂಕಿ ನಿಲ್ಲೋವರೆಗೆ ಕಾದು, ಬರೆದುಕೊಳ್ಳಿ. ಇಷ್ಟು ದಿನ ಅದು ಎಷ್ಟು ಸುಳ್ಳು ಹೇಳಿದೆ ಅಂತ ಗೊತ್ತಾಗೋದು ಆವಾಗಲೇ. ಆಮೇಲೆ ಕ್ಯಾಲಿಬ್ರೇಟ್ ಮಾಡಿ.

ಒಂದೇ ಲೋಟದಲ್ಲಿ ನೋಡಿದ್ರೆ ಸಾಲದು. 6.86ರಲ್ಲಿ ಸರಿಯಾಗಿ 6.86 ತೋರಿಸಿದ ಪೆನ್, 9.18ರಲ್ಲಿ 8.78 ತೋರಿಸಿತು ಅಂತಿಟ್ಕೊಳ್ಳಿ. ಎರಡು ಲೋಟದ ನಡುವೆ 2.32 ವ್ಯತ್ಯಾಸ ಬರಬೇಕಿತ್ತು, ಬಂದಿದ್ದು 1.92. ಅಂದ್ರೆ ಶೇ 83ರಷ್ಟು ಮಾತ್ರ. ಶೇ 95ರ ಆಸುಪಾಸು ಬಂದ್ರೆ ಚೆನ್ನಾಗಿದೆ. ತೊಳೆದು, ಕ್ಯಾಲಿಬ್ರೇಟ್ ಮಾಡಿದ ಮೇಲೂ 90 ದಾಟದಿದ್ರೆ ಅದರ ತುದಿಯ ಗಾಜಿನ ಬಲ್ಬಿಗೆ ವಯಸ್ಸಾಗಿದೆ ಅಂತ ಅರ್ಥ. ಒಣಗಲು ಬಿಟ್ಟರೆ ಅದಕ್ಕೆ ಇನ್ನೂ ಬೇಗ ವಯಸ್ಸಾಗುತ್ತೆ. ಪೆನ್ ಎತ್ತಿಡುವಾಗ ಮುಚ್ಚಳದೊಳಗೆ ಪೊಟಾಸಿಯಂ ಕ್ಲೋರೈಡ್ ದ್ರಾವಣದ ಕೆಲವು ಹನಿ ಇರಲಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಡಬೇಡಿ. ಬಳಸಿದ ಬಫರ್ ಮತ್ತೆ ಬಾಟಲಿಗೆ ಸುರೀಬೇಡಿ. 9.18ರದ್ದಂತೂ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತಾನೇ ಇಳಿಯುತ್ತೆ.

ಈಗ ಹೊರಗೆ ಹೋಗೋಣ. ಮನೆಯೊಳಗೆ ಪಾಸಾದ ಪೆನ್ ಬಿಸಿಲಲ್ಲಿ ಬೇರೆ ಥರ ಆಡುತ್ತೆ. ಸ್ಕೂಟರ್ ಡಿಕ್ಕಿಯಲ್ಲಿ ಕಾದ ಪೆನ್ನನ್ನ ತಣ್ಣನೆ ನೀರಿಗೆ ಅದ್ದಿದ ತಕ್ಷಣ ಬರೋ ಅಂಕಿಯನ್ನ ನಂಬಬೇಡಿ, ಒಂದೆರಡು ನಿಮಿಷ ಬಿಡಿ. ಬೋರ್‌ವೆಲ್ ನೀರನ್ನ ಬಾಟಲಿಯಲ್ಲಿ ಹಿಡಿದು ಸಂಜೆ ನೋಡೋಣ ಅಂತಲೂ ಬಿಡಬೇಡಿ. ಅದರಲ್ಲಿ ಕರಗಿರೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋದ ಹಾಗೆ ಪಿಎಚ್ ಏರುತ್ತೆ. ಮನೆಯ ಆರ್‌ಒ ನೀರಲ್ಲಿ ಅಂಕಿ ಕುಣೀತಾನೇ ಇದ್ರೆ ಗಾಬರಿ ಬೇಡ. ಲವಣ ಕಡಿಮೆ ಇರೋ ನೀರನ್ನ ಅಳೆಯೋದು ಇಂಥ ಪೆನ್ನಿಗೆ ಕಷ್ಟ.

ಕುಕ್ಕರಹಳ್ಳಿ ಕೆರೆಯನ್ನೇ ತಗೊಳ್ಳಿ. ಈ ಕೆರೆಗೆ ಚರಂಡಿ ನೀರು ಸೇರುತ್ತೆ ಅನ್ನೋ ದೂರು ಹಳೇದು. ಇಂಥ ಕೆರೆಯಲ್ಲಿ ಪಾಚಿ ಬೆಳೆದಿದ್ದರೆ, ಹಗಲು ಪೂರ್ತಿ ಅದು ನೀರಿನ ಕಾರ್ಬನ್ ಡೈಆಕ್ಸೈಡ್ ಹೀರುತ್ತೆ. ಹಾಗಾಗಿ ಬೆಳಿಗ್ಗೆಗಿಂತ ಮಧ್ಯಾಹ್ನ ಪಿಎಚ್ ಜಾಸ್ತಿ ಬರಬಹುದು. ಆಗ ಬದಲಾಗಿದ್ದು ಪೆನ್ನಾ, ನೀರಾ? ಕೆರೆಗೆ ಹೋಗೋ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಬಫರ್‌ನಲ್ಲಿ ಅದ್ದಿದ್ದರೆ ಮಾತ್ರ ಉತ್ತರ ಕೊಡಬಹುದು. ಎರಡು ಸಲವೂ ಬಫರ್ ಅಂಕಿ ಸರಿಯಿದ್ದರೆ ಬದಲಾಗಿದ್ದು ನೀರೇ. ಮೀನಿಗಂತೂ ಇದು ಜೀವದ ಪ್ರಶ್ನೆ. ಚರಂಡಿ ನೀರಿನ ಅಮೋನಿಯಾ 25 ಡಿಗ್ರಿಯಲ್ಲಿ, ಪಿಎಚ್ 8 ಇದ್ದಾಗ ಸುಮಾರು ಶೇ 5ರಷ್ಟು ವಿಷಕಾರಿ ರೂಪದಲ್ಲಿರುತ್ತೆ. ಪಿಎಚ್ 9ಕ್ಕೆ ಹೋದರೆ ಅದು ಮೂರನೇ ಒಂದು ಭಾಗ ದಾಟುತ್ತೆ.

ಕೊನೆಯದಾಗಿ, ಪೆನ್ ಎಷ್ಟೇ ನಿಖರವಾಗಿರಲಿ, ಅದಕ್ಕೆ ಒಂದು ಮಿತಿ ಇದೆ. 2024ರ ಮೇ ತಿಂಗಳಲ್ಲಿ ನಮ್ಮ ಊರಿನ ಅಂಚಿನ ಕೆ. ಸಾಲುಂಡಿಯಲ್ಲಿ ವಾಂತಿ-ಭೇದಿಯಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ಕಲುಷಿತ ನೀರೇ ಕಾರಣ ಅನ್ನೋ ಆತಂಕ ಇಡೀ ಜಿಲ್ಲೆಯನ್ನ ಕಾಡಿತು. ಅಂಥ ರೋಗಾಣು ಇರೋ ನೀರಿನಲ್ಲೂ ಪೆನ್ 7.2 ಅಂತ ಆರಾಮಾಗಿ ತೋರಿಸಬಹುದು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದರೂ ಲೆಕ್ಕದಲ್ಲಿ ತಪ್ಪು ಉಳಿದಿರಬಹುದಲ್ಲ, ಹಾಗೆ. ಬ್ಯಾಕ್ಟೀರಿಯಾ ಇದೆಯಾ ಅಂತ ಹೇಳಬೇಕಾದ್ದು ಲ್ಯಾಬ್. ಕ್ಲೋರಿನ್ ಉಳಿದಿದೆಯಾ ಅಂತ ಹೇಳಬೇಕಾದ್ದು ಕ್ಲೋರಿನ್ ಕಿಟ್.

ಹಾಗಂತ ಪೆನ್ ಎಸೀಬೇಡಿ. ಮುಂದಿನ ಸಲ ಗ್ರೂಪಿಗೆ ಫೋಟೊ ಹಾಕುವಾಗ ಜೊತೆಗೆ ಮೂರು ವಿಷಯ ಬರೀರಿ: ಬಫರ್‌ನಲ್ಲಿ ಪೆನ್ ಎಷ್ಟು ತೋರಿಸಿತು, ಯಾವತ್ತು ನೋಡಿದ್ದು, ನೀರು ಹಿಡಿದ ಜಾಗ ಮತ್ತು ಸಮಯ. ಯಾರಾದ್ರೂ ಬರೀ ಅಂಕಿ ಹಾಕಿದ್ರೆ ಥಂಬ್ಸ್ ಅಪ್ ಒತ್ತೋ ಮುಂಚೆ ಕೇಳಿ: ಬಫರ್‌ನಲ್ಲಿ ಎಷ್ಟು ಬಂತು ಸಾರ್?

ನಿಮ್ಮ ಪೆನ್ ಪಾಸಾಯ್ತಾ, ಫೇಲಾಯ್ತಾ, ವಾಯ್ಸ್ ನೋಟ್ ಕಳಿಸಿ.