ತಾಳ್ಮೆಯ ಮನೆಪಾಠ

ಮಾಟುಂಗದ ಡಾನ್ ಬಾಸ್ಕೊ ಶಾಲೆಯ ಹೆಸರು ಮುಂಬೈ ಕನ್ನಡಿಗರಿಗೆ ಹೊಸದಲ್ಲ. ಆ ಹೆಸರಿನ ಮೂಲಪುರುಷ, ಇಟಲಿಯ ಪಾದ್ರಿ ಸಂತ ಜಾನ್ ಬಾಸ್ಕೊ, 1877ರಲ್ಲಿ ತಮ್ಮ ಶಿಕ್ಷಣ ಕ್ರಮವನ್ನು ಬರೆದಿಟ್ಟರು. ಮಗು ತಪ್ಪುವ ಮೊದಲೇ ಹಿರಿಯರು ಅದರ ಜೊತೆಗಿರಬೇಕು. ವಿವೇಚನೆ, ಧರ್ಮಶ್ರದ್ಧೆ, ವಾತ್ಸಲ್ಯ ಇವೇ ಆಧಾರ. ಬೆತ್ತಕ್ಕೆ ಅಲ್ಲಿ ಜಾಗವಿಲ್ಲ.

ಬೈಬಲಿನ ಪೌಲನೂ ಎಫೆಸದವರಿಗೆ ಬರೆದ ಪತ್ರದಲ್ಲಿ ಮಕ್ಕಳಿಗೆ ವಿಧೇಯತೆ ಬೋಧಿಸಿದ ಬೆನ್ನಿಗೇ ತಂದೆಯರತ್ತ ತಿರುಗಿ, ಮಕ್ಕಳನ್ನು ಕೆರಳಿಸಬಾರದು ಎನ್ನುತ್ತಾನೆ. ನಾವು ಮೊದಲರ್ಧವನ್ನಷ್ಟೇ ಬಾಯಿಪಾಠ ಮಾಡಿದ್ದೇವೆ!

ಉದಾಹರಣೆಗೆ, ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ‘ಬೇಗ ಶೂ ಹಾಕು’ ಎಂದು ಗದರಿದರೆ ಮೂರು ವರ್ಷದ ಮಗು ಹೆದರೀತು, ಕಲಿಯದು. ಹತ್ತು ನಿಮಿಷ ಮೊದಲೇ ಎಬ್ಬಿಸಿ. ಪಕ್ಕದಲ್ಲಿ ಕೂತು ಒಂದು ಶೂ ನೀವು ಹಾಕಿ, ಇನ್ನೊಂದನ್ನು ಮಗುವಿಗೇ ಬಿಡಿ. ತಪ್ಪಾಗಿ ಹಾಕಿಕೊಂಡರೆ ಬಿಚ್ಚಿ, ಮತ್ತೊಮ್ಮೆ ತೋರಿಸಿ.